ಹನ್ನೊಂದು ಇಪ್ಪತ್ತಕ್ಕೆ ನಿಂತ ಚಿತ್ರ

ಅಕ್ಕನ ಮನೆಗೆ ಕ್ಯಾಮೆರಾ ಹಾಕಿಸಿದವನು ನಾನು. ಅಕ್ಕ ಕೇಳಿರಲಿಲ್ಲ. ಅವಳ ಮಗಳು ಕೇಳಿದ್ದೂ ಕ್ಯಾಮೆರಾವನ್ನಲ್ಲ, ನನ್ನನ್ನು.

"ಮಾಮ, ಅಮ್ಮಂಗೆ ಬಿಪಿ ಜಾಸ್ತಿ ಆಗೈತೆ. ಎದ್ದು ನಿಂತ್ರೆ ತಲೆ ಸುತ್ತುತ್ತೆ ಅಂತಾಳೆ. ನಾನು ಕೂಸು ಕಟ್ಕಂಡು ಪದೇ ಪದೇ ಬರಾಕಾಗಲ್ಲ. ವಾರಕ್ಕೊಂದು ಸಲ ನೀನು ಹೋಗಿ ನೋಡ್ಕಂಡು ಬಾ. ಭಾನುವಾರ ಒಂದೇ ದಿನ."

"ಆತು ಬಿಡವ್ವ, ಅದೇನು ದೊಡ್ಡದು" ಅಂದಿದ್ದೆ.

ದೊಡ್ಡದೇನೂ ಆಗಿರಲಿಲ್ಲ. ನನ್ನ ಪಂಕ್ಚರ್ ಅಂಗಡಿ ಇರುವುದು ಚಿತ್ರದುರ್ಗದಲ್ಲಿ, ಹೊಳಲ್ಕೆರೆಗೆ ಹೋಗುವ ರಸ್ತೆಯಲ್ಲೇ. ಅಕ್ಕನ ಮನೆ ಹೊಳಲ್ಕೆರೆಯಲ್ಲಿ. ಅಂಗಡಿ ಮುಂದೆ ಕೈ ಅಡ್ಡ ಹಾಕಿದರೆ ಬಸ್ಸು ನಿಲ್ಲುತ್ತದೆ, ಒಂದು ಗಂಟೆಯೊಳಗೆ ಅವಳ ಗೇಟಿನ ಮುಂದಿರಬಹುದು. ಅಕ್ಕನ ಮಗಳನ್ನು ಕೊಟ್ಟಿರುವುದು ಹಿರಿಯೂರು ಕಡೆಯ ಯಲ್ಲದಕೆರೆಗೆ. ಅವಳು ಎರಡು ಮೂರು ಬಸ್ಸು ಬದಲಿಸಿ, ಎಳೆ ಕೂಸು ಎತ್ತಿಕೊಂಡು ಬರಬೇಕು. ಲೆಕ್ಕ ಹಾಕಿದರೆ ನಾನೇ ಹೋಗಬೇಕಾದವನು.

ಎರಡು ಭಾನುವಾರ ಹೋದೆ. ಮೂರನೆಯದಕ್ಕೆ ಹೋಗಲಿಲ್ಲ. ಕೋಟೆ ನೋಡಲು ಬರುವವರ ಬೈಕುಗಳು ಭಾನುವಾರವೇ ಹೆಚ್ಚು, ಅಂಗಡಿ ಮುಚ್ಚಿದರೆ ನಷ್ಟ ಎಂದು ಅಕ್ಕನ ಮಗಳಿಗೆ ಹೇಳಿದೆ. ಅದು ಸುಳ್ಳಲ್ಲ. ಆದರೆ ಕಾರಣ ಅದಲ್ಲ. ಅಕ್ಕನ ಎದುರು ಕೂತರೆ ನಾನು ಐವತ್ತು ದಾಟಿದವನಾಗಿ ಉಳಿಯುತ್ತಿರಲಿಲ್ಲ. "ಯಾಕ್ಲೇ ಇಷ್ಟು ಸೊರಗಿದೀಯ? ಕೈ ನೋಡು, ಸೋಪು ಹಾಕಿ ತೊಳಿ. ಇನ್ನೊಂದು ಮುದ್ದೆ ಹಾಕಿಸ್ಕಾ. ಬೀಡಿ ಬಿಟ್ಯಾ ಇಲ್ಲವಾ?" ಎಂದು ಶುರುವಾದರೆ ಬಸ್ಸು ಹತ್ತುವವರೆಗೂ ನಿಲ್ಲುತ್ತಿರಲಿಲ್ಲ. ಬೇಸರ ಬರುತ್ತಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯದೆ ಮುಂದಿನದನ್ನು ಹೇಳಲಾಗುವುದಿಲ್ಲ.

ಅಷ್ಟು ಮಾತಾಡುವ ಹಕ್ಕು ಅವಳಿಗಿತ್ತು. ನಮ್ಮದು ಭರಮಸಾಗರದ ಹತ್ತಿರದ ಊರು. ಅವ್ವ ಸತ್ತಾಗ ನನಗೆ ಎರಡು ವರ್ಷ, ಅಕ್ಕನಿಗೆ ಹನ್ನೊಂದು. ಅವಳು ಶಾಲೆ ಬಿಟ್ಟು ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡಳು. ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟಾಗ ಪೊರಕೆ ಹಿಡಿದು ಊರೆಲ್ಲಾ ಅಟ್ಟಾಡಿಸಿದ್ದಳು. ಒಂದು ಬೇಸಿಗೆ, ಕೆರೆಯ ನೀರು ಇಳಿದಿದ್ದಾಗ, ಹೂಳಿನಲ್ಲಿ ಮೊಣಕಾಲವರೆಗೆ ಸಿಕ್ಕಿಕೊಂಡಿದ್ದೆ. ಅವಳು ಏರಿಯ ಆ ಕಡೆ ಬಟ್ಟೆ ಒಗೆಯುತ್ತಿದ್ದಳು. ನಾನು ಕೂಗಿದ್ದು ಒಂದೇ ಸಲ. ಬಟ್ಟೆ ಬಿಟ್ಟು ಓಡಿ ಬಂದು, ಜುಟ್ಟು ಹಿಡಿದು ಎಳೆದು ಹಾಕಿ, ಆಮೇಲೆ ಹೊಡೆದಳು. ಒಗೆಯುತ್ತಿದ್ದ ಸೀರೆ ನೀರಲ್ಲಿ ತೇಲಿಹೋಗಿತ್ತು.

ಕ್ಯಾಮೆರಾದ ವಿಚಾರ ನನ್ನ ತಲೆಗೆ ಹಾಕಿದವನು ಅಂಗಡಿಗೆ ಪಂಕ್ಚರ್ ಹಾಕಿಸಲು ಬಂದ ಒಬ್ಬ ಫಿಟ್ಟರ್. ಹೊಸದುರ್ಗದವನು, ಮೂವತ್ತೈದರ ವಯಸ್ಸು. ಹೊಳಲ್ಕೆರೆ ಸುತ್ತ ಮನೆ ಮನೆಗೆ ಕ್ಯಾಮೆರಾ, ಇಂಟರ್ನೆಟ್ಟು ಎರಡನ್ನೂ ಹಾಕುವ ಕೆಲಸ ಅವನದು. ಬೈಕಿನ ಹಿಂದೆ ವೈರಿನ ಸುರುಳಿ ಕಟ್ಟಿದ್ದ. ನಾನು ಟ್ಯೂಬು ನೀರಿಗೆ ಹಾಕಿ ಗುಳ್ಳೆ ಹುಡುಕುತ್ತಿದ್ದಾಗ ತನ್ನ ಮೊಬೈಲು ತೋರಿಸಿದ. ಅದರಲ್ಲಿ ಯಾರದೋ ಮನೆಯ ಅಂಗಳ, ಅಂಗಳದಲ್ಲಿ ಒಂದು ಎಮ್ಮೆ.

"ಇದು ಈಗ ನಡೀತಿರದು ಅಣ್ಣ. ಎಮ್ಮೆ ಅಲ್ಲೈತೆ, ನಾನಿಲ್ಲಿದೀನಿ."

ಎಮ್ಮೆ ಬಾಲ ಆಡಿಸಿತು. ನನಗೆ ಅಕ್ಕ ನೆನಪಾದಳು. ಇದೊಂದು ಹಾಕಿಸಿದರೆ ಭಾನುವಾರದ ತಾಪತ್ರಯ ತಪ್ಪುತ್ತದೆ ಅನ್ನಿಸಿತು. ಮಗಳಿಗೆ ಫೋನು ಮಾಡಿ, "ವಾರಕ್ಕೊಂದು ಸಲ ಏನು, ದಿನಾ ನೋಡ್ತೀನಿ ನಿಮ್ಮಮ್ಮನ್ನ" ಅಂದೆ. ಅವಳು ತುಂಬಾ ಸಂತೋಷಪಟ್ಟಳು.

ಹಾಕುವ ದಿನ ನಾನೂ ಹೋಗಿದ್ದೆ. ಅಕ್ಕನದು ಚಿಕ್ಕ ಮನೆ. ಭಾವ ಚಿಕ್ಕಜಾಜೂರಿನಲ್ಲಿ ರೈಲ್ವೆ ಗ್ಯಾಂಗಿನಲ್ಲಿದ್ದವರು, ತೀರಿಕೊಂಡ ಮೇಲೆ ಬಂದ ದುಡ್ಡಿನಲ್ಲಿ ಅವಳೇ ನಿಂತು ಕಟ್ಟಿಸಿದ್ದು. ಮುಂದೆ ಜಗಲಿ, ಅಂಗಳ, ಸುತ್ತ ಎದೆಯೆತ್ತರಕ್ಕೂ ಮೇಲೆ ಕಾಂಪೌಂಡು. ಗೇಟು ಹಾಕಿದರೆ ರಸ್ತೆಯವರಿಗೆ ಒಳಗಿನದು ಕಾಣುವುದಿಲ್ಲ.

ಏಣಿ ಹಾಕಿ ಜಗಲಿ ಮೂಲೆಗೆ ತೂತು ಕೊರೆಯುವುದನ್ನು ಅಕ್ಕ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು.

"ಏನ್ಲೇ, ನಮ್ಮನೇಲಿ ಬ್ಯಾಂಕ್ ಇಟ್ಟೀನೇನು? ಕಳ್ಳ ಬಂದ್ರೆ ನನ್ನ ಹಳೇ ಮೊರ ಹೊತ್ಕಂಡು ಹೋಗ್ತಾನೆ, ಅಷ್ಟೇ."

"ಕಳ್ಳನ್ನ ನೋಡಾಕಲ್ಲ ಅಕ್ಕ, ನಿನ್ನ ನೋಡಾಕೆ."

"ನನ್ನ ನೋಡಾಕೆ ನಿಂಗೆ ಬಸ್ಸು ಸಿಗ್ಲಿಲ್ವಾ?"

ಫಿಟ್ಟರ್ ಏಣಿ ಮೇಲಿಂದಲೇ ನಕ್ಕ. ನಾನೂ ನಕ್ಕೆ.

ಒಳಗೆ ಟಿವಿ ಪಕ್ಕದ ಶೆಲ್ಫಿನಲ್ಲಿ ಕಪ್ಪು ಪೆಟ್ಟಿಗೆ ಇಟ್ಟ. ಅದಕ್ಕೆ ಡಿವಿಆರ್ ಅನ್ನುತ್ತಾರೆ. ಕ್ಯಾಮೆರಾದ ವೈರು ಅದರ ಬೆನ್ನಿಗೆ ಬಂದು ಸೇರುತ್ತದೆ. ಅದರ ಪಕ್ಕದಲ್ಲಿ ನೆಟ್ಟಿನ ಬಿಳಿ ಪೆಟ್ಟಿಗೆ, ಎರಡು ಕೊಂಬಿನದು. ಕಪ್ಪು ಪೆಟ್ಟಿಗೆಯಿಂದ ಬಿಳಿ ಪೆಟ್ಟಿಗೆಗೆ ಗಿಡ್ಡದೊಂದು ನೀಲಿ ವೈರು ಸಿಕ್ಕಿಸಿದ. ಕಟ್ ಎಂದು ಸದ್ದಾಯಿತು. ಆಮೇಲೆ ನನ್ನ ಮೊಬೈಲು ತೆಗೆದುಕೊಂಡು ಪೆಟ್ಟಿಗೆಯ ಕೆಳಗಿನ ಚೀಟಿಯ ಮುಂದೆ ಹಿಡಿದ. ಏನೇನೋ ಇಂಗ್ಲಿಷಿನಲ್ಲಿ ಕೇಳಿತು, ಅವನೇ ಒತ್ತಿದ. ಅಂಗಳ ನನ್ನ ಅಂಗೈಯಲ್ಲಿ ಬಂದು ಕೂತಿತು. ಮೇಲ್ಗಡೆ ಮೂಲೆಯಲ್ಲಿ ತಾರೀಕು, ಗಂಟೆ, ನಿಮಿಷ.

ಅಕ್ಕ ಬಗ್ಗಿ ನೋಡಿ, "ಅಯ್ಯೋ, ಇಷ್ಟು ದಪ್ಪ ಆಗಿದೀನೇನೋ!" ಅಂದಳು. ತಕ್ಷಣ ಸೆರಗು ತಲೆ ಮೇಲೆ ಎಳೆದುಕೊಂಡಳು, ಹೊಸಬರು ಮನೆಗೆ ಬಂದ ಹಾಗೆ.

ಅವಳು ಕಾಫಿ ಮಾಡಲು ಒಳಗೆ ಹೋದಾಗ ಫಿಟ್ಟರ್ ನನ್ನನ್ನು ಕೂರಿಸಿಕೊಂಡು ವಿವರಿಸಿದ. "ನೆಟ್ಟು ಬರೀ ನೀವು ಮೊಬೈಲಲ್ಲಿ ನೋಡಾಕೆ ಅಣ್ಣ. ರೆಕಾರ್ಡಿಗೂ ನೆಟ್ಟಿಗೂ ಸಂಬಂಧ ಇಲ್ಲ. ನೆಟ್ಟು ಸತ್ರೂ ಈ ಪೆಟ್ಟಿಗೆ ತನ್ನ ಪಾಡಿಗೆ ತಾನು ರೆಕಾರ್ಡ್ ಮಾಡ್ಕಂತಾನೇ ಇರುತ್ತೆ. ಹದಿನೈದು ದಿನದ್ದು ಹಿಡಿಯುತ್ತೆ. ಆಮೇಲೆ ಹೊಸದು ಬರೀತಾ ಹಳೇದನ್ನ ತಿಂದ್ಕಂಡು ಹೋಗುತ್ತೆ. ಕರೆಂಟ್ ಮಾತ್ರ ಇರ್ಬೇಕು." ಟಿವಿಗೆ ಹಾಕಿ ಹಿಂದಿನ ದಿನದ ಪಟ್ಟಿ ತೆಗೆಯುವುದನ್ನೂ ಎರಡು ಸಲ ಮಾಡಿ ತೋರಿಸಿದ. ಅದನ್ನು ನೋಡಿದವನು ನಾನೊಬ್ಬನೇ.

ಆಮೇಲೆ ಒಂದು ಪ್ಲಾಸ್ಟಿಕ್ ಹಾಳೆ ಮುಂದಿಟ್ಟ. ನೆಟ್ಟಿನ ಪ್ಲಾನುಗಳು. ಚಿಕ್ಕದು, ನಡುವಿನದು, ದೊಡ್ಡದು. ಕೆಳಗೆ ಇರುವೆ ಸಾಲಿನಂಥ ಸಣ್ಣ ಅಕ್ಷರಗಳು, ನನ್ನಿಂದ ಓದಲಾಗಲಿಲ್ಲ. ಓದಿ ಹೇಳು ಅನ್ನಲೂ ಇಲ್ಲ.

"ಚಿಕ್ಕದು ಹಾಕು."

"ಸಾಕಾಗಲ್ಲ ಅಣ್ಣ. ದಿನಾ ನೋಡ್ತೀನಿ ಅಂತೀರಿ. ತಿಂಗಳ ಕೊನೆಗೆ ಡೇಟಾ ಮುಗಿದು ಸ್ಪೀಡ್ ಬಿದ್ದೋಗುತ್ತೆ. ಚಿತ್ರ ನಿಂತ್ ನಿಂತ್ ಬರುತ್ತೆ. ಒಂದೊಂದು ಸಲ ಹೊಸದು ಬರದೆ, ಹಿಂದೆ ನೋಡಿದ್ದೇ ನಿಂತಂಗೇ ಇರುತ್ತೆ. ನಡುವಿಂದು ತಗಳ್ರಿ."

"ಅವಳೊಬ್ಳೇ ಹೆಂಗಸು, ಅವಳೇನು ಸಿನಿಮಾ ನೋಡ್ತಾಳಾ? ಚಿಕ್ಕದೇ ಸಾಕು. ಆರು ತಿಂಗಳಿಗೆ ಹಾಕು."

"ಮಾತು ಕೇಳಿಸ್ಬೇಕಾ? ಮೈಕ್ ಬೇರೆ ಬರುತ್ತೆ."

"ಬ್ಯಾಡ ಬಿಡಪ್ಪ. ಅವಳ ಮಾತು ಕೇಳಿ ಕೇಳಿ ಸಾಕಾಗೈತೆ" ಎಂದು ನಾನು ಅಂದೆ. ಇಬ್ಬರೂ ನಕ್ಕೆವು. ಅಕ್ಕ ಕಾಫಿ ಲೋಟ ಹಿಡಿದು ಬಂದು, ಏನು ನಗು ಎಂದು ಕೇಳಿದಳು. ಏನೂ ಇಲ್ಲ ಅಂದೆ.

ಆಮೇಲಿನ ತಿಂಗಳುಗಳಲ್ಲಿ ನಾನು ಕೊಟ್ಟ ಮಾತು ಒಂದು ರೀತಿಯಲ್ಲಿ ಉಳಿಸಿಕೊಂಡೆ. ದಿನಾ ನೋಡುತ್ತಿದ್ದೆ. ಅಂಗಡಿಯಲ್ಲಿ ಮೊಬೈಲನ್ನು ಗಾಳಿ ತುಂಬುವ ಮೆಷಿನ್ನಿಗೆ ಒರಗಿಸಿ ಇಡುತ್ತಿದ್ದೆ. ಕೈಗೆ ಗ್ರೀಸು ಮೆತ್ತಿರುತ್ತಿದ್ದುದರಿಂದ ಕಿರುಬೆರಳಿನ ಬೆನ್ನಿನಿಂದ ಒತ್ತಿ ತೆಗೆಯುತ್ತಿದ್ದೆ. ಅಕ್ಕ ಕಸ ಗುಡಿಸುವುದು, ಜಗಲಿ ಮೇಲೆ ಕೂತು ಹುಣಸೆಹಣ್ಣು ಬಿಡಿಸುವುದು, ಕೋಳಿ ಓಡಿಸುವುದು. ಗಿರಾಕಿಗಳಿಗೆ, "ನಮ್ಮಕ್ಕ, ಹೊಳಲ್ಕೆರೇಲಿ" ಎಂದು ತೋರಿಸುತ್ತಿದ್ದೆ. ಅವರು ಮೆಚ್ಚಿಕೊಳ್ಳುತ್ತಿದ್ದರು. ಭಾನುವಾರ ಬಂದು ಹೋಗುತ್ತಿತ್ತು.

ಅಕ್ಕ ಕ್ಯಾಮೆರಾದ ಜೊತೆ ಮಾತಾಡತೊಡಗಿದ್ದನ್ನು ನಾನು ಮೊದಲ ವಾರದಲ್ಲೇ ನೋಡಿದೆ. ಅಂಗಳಕ್ಕೆ ಬಂದವಳು ಸೆರಗು ಸರಿ ಮಾಡಿಕೊಂಡು, ಮುಖ ಎತ್ತಿ, ಏನೋ ಹೇಳುತ್ತಿದ್ದಳು. ಬಾಯಿ ಆಡುತ್ತಿತ್ತು, ಸದ್ದಿಲ್ಲ. ಕೆಲವು ದಿನ ತಟ್ಟೆ ಎತ್ತಿ ಹಿಡಿದು ಮಾಡಿದ ಅಡಿಗೆ ತೋರಿಸುತ್ತಿದ್ದಳು. ಸಂತೆಗೆ ಹೊರಡುವಾಗ ಚೀಲ ತೋರಿಸಿ ಕೈ ಆಡಿಸಿ ಹೋಗುತ್ತಿದ್ದಳು. ಆಯುಧಪೂಜೆಯ ದಿನ ಕಪ್ಪು ಪೆಟ್ಟಿಗೆಗೆ ಕುಂಕುಮ ಹಚ್ಚಿ ಚೆಂಡುಹೂವು ಇಟ್ಟಿದ್ದಳು ಎಂದು ಆಮೇಲೆ ಗೊತ್ತಾಯಿತು.

ಒಂದು ದಿನ ಫೋನು ಮಾಡಿದಳು.

"ನಿನ್ನೆ ಹೇಳಿದ್ನಲ್ಲೋ, ಕೇಳಿಸ್ತಾ?"

ಆಗಲೇ ಹೇಳಬೇಕಿತ್ತು. ಅಕ್ಕ, ಅದಕ್ಕೆ ಕಿವಿ ಇಲ್ಲ, ನಾನೇ ಬೇಡ ಅಂದೆ, ಎಂದು. ಕೈಯಲ್ಲಿ ಲಾರಿ ಟಯರಿತ್ತು. ಒಂದು ಹೇಳಿದರೆ ಹತ್ತು ಕೇಳುತ್ತಾಳೆ ಎಂದುಕೊಂಡೆ.

"ಕೇಳಿಸ್ತು ಬಿಡಕ್ಕ."

"ಹಂಗಾದ್ರೆ ಬರುವಾಗ ಮರೀದೆ ತಗಂಬಾ."

"ಹೂಂ."

ಏನು ತರಲು ಹೇಳಿದ್ದಳೋ ನನಗೆ ಇಂದಿಗೂ ಗೊತ್ತಿಲ್ಲ. ನಾನು ಹೋಗಲೂ ಇಲ್ಲ. ಆಮೇಲೆ ಅವಳು ಫೋನು ಮಾಡುವುದನ್ನೇ ಕಡಿಮೆ ಮಾಡಿದಳು. ಮಗಳು ಕೇಳಿದರೆ, "ಅವನ ಹತ್ರ ದಿನಾ ಮಾತಾಡ್ತೀನಲ್ಲ, ಫೋನ್ ಯಾಕೆ?" ಅನ್ನುತ್ತಿದ್ದಳಂತೆ.

ಅದು ಶನಿವಾರ, ತಿಂಗಳ ಕೊನೆ. ಮಧ್ಯಾಹ್ನ ಮೂರೂವರೆ ಹೊತ್ತಿಗೆ ಮಗಳ ಫೋನು ಬಂತು.

"ಮಾಮ, ಅಮ್ಮ ಫೋನ್ ಎತ್ತುತಿಲ್ಲ. ಒಂದು ಸಲ ನೋಡು."

ಕಿರುಬೆರಳಿನಿಂದ ಒತ್ತಿದೆ. ಸುಮಾರು ಹೊತ್ತು ಬಿಳಿ ಚಕ್ರ ತಿರುಗಿ ಚಿತ್ರ ಬಂತು. ಅಕ್ಕ ಜಗಲಿ ಮೇಲೆ ಕೂತಿದ್ದಳು. ಮುಂದೆ ಮೊರ, ಮೊರದಲ್ಲಿ ಹುಣಸೆಹಣ್ಣು, ಒಂದು ಕೈ ಮೊರದ ಅಂಚಿನ ಮೇಲೆ. ತಲೆ ಸ್ವಲ್ಪ ಬಗ್ಗಿತ್ತು.

"ಜಗಲಿ ಮೇಲೆ ಕುಂತವಳೆ ಕಣವ್ವ. ಹುಣಸೆಹಣ್ಣು ಬಿಡಿಸ್ತವಳೆ. ಫೋನ್ ಒಳಗೆ ಇಟ್ಟಿರ್ತಾಳೆ."

"ನೋಡ್ದ್ಯಲ್ಲ? ಹಂಗಾದ್ರೆ ಸರಿ ಬಿಡು."

ಅವಳು ಫೋನು ಇಟ್ಟ ಮೇಲೂ ಚಿತ್ರ ನನ್ನ ಮುಂದಿತ್ತು. ಅಕ್ಕನ ಕೈ ಆಡುತ್ತಿರಲಿಲ್ಲ. ಕೋಳಿಯೊಂದು ಒಂದು ಕಾಲು ಎತ್ತಿ ನಿಂತಿತ್ತು, ಎತ್ತಿದ ಕಾಲು ಇಳಿಸಲೇ ಇಲ್ಲ. ಮೇಲಿನ ಮೂಲೆಯಲ್ಲಿ ಗಂಟೆ ನೋಡಿದೆ. ಹನ್ನೊಂದು ಇಪ್ಪತ್ತು.

ನನಗೆ ಓದು ಕಡಿಮೆ ಇರಬಹುದು, ಗಂಟೆ ನೋಡಲು ಬರುತ್ತದೆ. ಅದು ನಾಲ್ಕು ಗಂಟೆ ಹಿಂದಿನ ಅಕ್ಕ ಎಂದು ನನಗೆ ಆ ಕ್ಷಣವೇ ಗೊತ್ತಾಯಿತು. ಮಗಳಿಗೆ ತಿರುಗಿ ಫೋನು ಮಾಡಿ ಹೇಳಬಹುದಿತ್ತು. ಶಟರ್ ಎಳೆದು ಬಸ್ಸಿಗೆ ಕೈ ಅಡ್ಡ ಹಾಕಬಹುದಿತ್ತು. ತಿಂಗಳ ಕೊನೆಗೆ ಹಿಂಗೇ ನಿಲ್ಲುತ್ತದೆ, ಮೊನ್ನೆಯೂ ನಿಂತಿತ್ತು, ನಾಳೆ ಹೆಂಗೂ ಭಾನುವಾರ, ಹೋದರಾಯಿತು ಎಂದು ನನಗೆ ನಾನೇ ಹೇಳಿಕೊಂಡು ಮೊಬೈಲನ್ನು ಮಗುಚಿ ಇಟ್ಟೆ. ಟ್ರ್ಯಾಕ್ಟರಿನವನೊಬ್ಬ ಅವಸರ ಮಾಡುತ್ತಿದ್ದ. ಅವನ ಟಯರು ಬಿಚ್ಚಿದೆ.

ಸಂಜೆ ಅಕ್ಕನ ಎದುರುಮನೆಯ ಹೆಂಗಸಿನಿಂದ ಫೋನು ಬಂತು. ಅವರ ಮನೆಯವರೆಲ್ಲ ಮದುವೆಗೆ ಹೋಗಿ ಆಗಷ್ಟೇ ಬಂದಿದ್ದರು. ಎರವಲು ತಂದಿದ್ದ ಹೂವಿನ ಬುಟ್ಟಿ ವಾಪಸು ಕೊಡಲು ಗೇಟು ತೆಗೆದರೆ ಅಕ್ಕ ಜಗಲಿಯ ಕೆಳಗೆ ಬಿದ್ದಿದ್ದಳು. ಮೊರ ಬೋರಲಾಗಿತ್ತು.

"ಮುಖ ಮೇಲಕ್ಕೆ ಮಾಡ್ಕಂಡಿದ್ಲು ಕಣಪ್ಪ" ಎಂದು ಆ ಹೆಂಗಸು ಆಸ್ಪತ್ರೆಯಲ್ಲಿ ಹೇಳಿದಳು. "ಕಣ್ಣು ಬಿಟ್ಕಂಡು ಕ್ಯಾಮೆರಾ ಕಡೆಗೇ ನೋಡ್ತಿದ್ಲು. ಗೇಟು ಅಷ್ಟು ಹತ್ರ ಐತೆ, ಆ ಕಡೆಗೆ ತೆವಳಾಕೆ ಹೋಗಿಲ್ಲ. ಅದೇ ಆಶ್ಚರ್ಯ."

ನನಗೆ ಆಶ್ಚರ್ಯವಾಗಲಿಲ್ಲ. ಗೇಟಿನ ಕಡೆಗೆ ಯಾಕೆ ಹೋಗುತ್ತಾಳೆ? ತಮ್ಮನಿಗೆ ಹೇಳಿಯಾಗಿದೆ, ತಮ್ಮ ಕೇಳಿಸಿಕೊಂಡಿದ್ದಾನೆ, ಇನ್ನೇನು ಬರುತ್ತಾನೆ.

ಅವಳನ್ನು ಚಿತ್ರದುರ್ಗಕ್ಕೆ ಕರೆತಂದಿದ್ದರು. ಲಕ್ವ ಹೊಡೆದು ಬಲಗೈ, ಬಲಗಾಲು ಎರಡೂ ಬಿದ್ದಿದ್ದವು. ಮಾತು ಹೋಗಿತ್ತು. ಮಗಳು ಕೂಸನ್ನು ಅತ್ತೆಗೆ ಬಿಟ್ಟು ಓಡಿ ಬಂದಳು. ಡಾಕ್ಟರು ಮೊದಲು ಕೇಳಿದ್ದೇ ಒಂದು ಪ್ರಶ್ನೆ.

"ಎಷ್ಟು ಹೊತ್ತಿಗೆ ಬಿದ್ದದ್ದು? ಸರಿಯಾಗಿ ಹೇಳ್ರಿ. ಬೇಗ ಬಂದಿದ್ರೆ ಅದಕ್ಕೊಂದು ಇಂಜೆಕ್ಷನ್ ಇದೆ. ಹೊತ್ತು ಮೀರಿದ್ರೆ ಕೊಡೋ ಹಾಗಿಲ್ಲ, ಅದೇ ಅಪಾಯ."

"ಮೂರೂವರೆಗೆ ಚೆನ್ನಾಗಿದ್ಲು ಸಾರ್" ಎಂದಳು ಮಗಳು. "ನಮ್ಮ ಮಾಮ ನೋಡವ್ರೆ, ಮೊಬೈಲಲ್ಲಿ."

ಡಾಕ್ಟರು ನನ್ನ ಕಡೆ ತಿರುಗಿದರು. "ಖಚಿತಾನಾ?"

"ಇಲ್ಲ ಸಾರ್. ನೆಟ್ ನಿಂತಿತ್ತೇನೋ. ನಾನು ಗಮನಿಸ್ಲಿಲ್ಲ."

ಮಗಳು ನನ್ನನ್ನು ನೋಡಿದಳು. ಗಮನಿಸಲಿಲ್ಲ ಎಂಬ ಮಾತನ್ನು ಅವಳು ನಂಬಿದಳು. ಯಾಕೆ ನಂಬಬಾರದು, ನಾನು ಅವಳ ಸೋದರಮಾವ.

"ಹಂಗಾದ್ರೆ ಆ ಪೆಟ್ಟಿಗೇಲಿ ಇರುತ್ತಲ್ಲ ಮಾಮ? ತೆಗ್ದು ನೋಡಿದ್ರೆ ಎಷ್ಟೊತ್ತಿಗೆ ಬಿದ್ಲು ಅಂತ ಗೊತ್ತಾಗುತ್ತೆ."

"ನೆಟ್ ಇದ್ರೆ ತಾನೇ ಕಣವ್ವ ರೆಕಾರ್ಡ್ ಆಗೋದು" ಅಂದೆ.

ಈ ಮಾತು ಎಲ್ಲಿಂದ ಬಂತೋ ತಿಳಿಯದು. ಯೋಚನೆ ಮಾಡಿ ಹೇಳಿದ್ದಲ್ಲ. ಹೇಳಿದ ಮೇಲೆ ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಪೆಟ್ಟಿಗೆ ತೆಗೆದರೆ ಗಂಟೆ ಒಂದೇ ಕಾಣುವುದಿಲ್ಲ. ಅಕ್ಕ ಅಂಗಳದಲ್ಲಿ ಬಿದ್ದು ಎಷ್ಟು ಹೊತ್ತು ಮುಖ ಎತ್ತಿ ಕರೆದಳು, ಎಷ್ಟು ಸಲ ಕರೆದಳು, ಎಲ್ಲವೂ ಕಾಣುತ್ತದೆ. ಡಾಕ್ಟರು ಕಾಯದೆ ಸ್ಕ್ಯಾನು ಮಾಡಿಸಿದರು. ಬಹಳ ಹೊತ್ತಾದಂತಿದೆ, ಆ ಇಂಜೆಕ್ಷನ್ ಆಗುವುದಿಲ್ಲ ಅಂದರು. ನನ್ನ ಸುಳ್ಳಿನಿಂದ ಅದು ತಪ್ಪಿತೋ, ಹೇಗೂ ತಪ್ಪುತ್ತಿತ್ತೋ ನಾನು ಅವರನ್ನು ಕೇಳಿಲ್ಲ. ಕೇಳುವುದಕ್ಕೆ ಹೆದರಿಕೆ.

ಮೂರನೇ ದಿನ ಮಗಳು ನನ್ನನ್ನು ಹೊಳಲ್ಕೆರೆಗೆ ಕಳಿಸಿದಳು. ಅಕ್ಕನ ಎರಡು ಸೀರೆ, ಆಧಾರ್ ಕಾರ್ಡು ತರಬೇಕಿತ್ತು. "ಕೋಳಿ ಎದುರುಮನೆಯವ್ರಿಗೆ ಒಪ್ಪಿಸು. ಮೇನ್ ಆಫ್ ಮಾಡಿ ಬೀಗ ಹಾಕ್ಕಂಡು ಬಾ. ಅಮ್ಮನ್ನ ನಾನು ಯಲ್ಲದಕೆರೆಗೇ ಕರ್ಕಂಡು ಹೋಗ್ತೀನಿ" ಎಂದಳು.

ಮನೆ ಬಿಟ್ಟು ನಾಲ್ಕು ದಿನ ಹೋಗುವುದಾದರೂ ನಮ್ಮ ಕಡೆ ಕರೆಂಟಿನ ಮೇನ್ ಆರಿಸಿಯೇ ಬೀಗ ಹಾಕುವುದು. ಯಾರೂ ಹೇಳಿಕೊಡಬೇಕಿಲ್ಲ. ಅಕ್ಕನಂತೂ ಬಾಗಿಲು ಹಾಕಿಕೊಂಡ ಮೇಲೂ, ಮೇನ್ ಆರಿಸಿದೆನೋ ಇಲ್ಲವೋ ಎಂದು ಮತ್ತೆ ಬೀಗ ತೆಗೆದು ನೋಡುವವಳು.

ನಾನು ಒಳಗೆ ಹೋದೆ. ಜಗಲಿಯ ಹುಣಸೆಹಣ್ಣಿಗೆ ಇರುವೆ ಮುತ್ತಿತ್ತು. ಟಿವಿ ಪಕ್ಕದಲ್ಲಿ ಕಪ್ಪು ಪೆಟ್ಟಿಗೆಯ ಮೇಲೆ ಕುಂಕುಮದ ಗುರುತು ಹಾಗೇ ಇತ್ತು. ಅದರ ಹಸಿರು ದೀಪ ಮಿಣುಕುತ್ತಿತ್ತು. ರೆಕಾರ್ಡ್ ಆಗುತ್ತಿದೆ ಎಂದರ್ಥ. ಮೇನ್ ಆರಿಸಿದರೆ ಅದು ಅಲ್ಲಿಗೇ ನಿಲ್ಲುತ್ತದೆ. ಶನಿವಾರ ಅದರ ಹೊಟ್ಟೆಯಲ್ಲೇ ಉಳಿಯುತ್ತದೆ, ಇವತ್ತಲ್ಲ ನಾಳೆ ಯಾರಾದರೂ ತೆಗೆದು ನೋಡುತ್ತಾರೆ. ಆರಿಸದೆ ಬಿಟ್ಟರೆ ಖಾಲಿ ಅಂಗಳವನ್ನು ಬರೆದುಕೊಳ್ಳುತ್ತಾ ಬರೆದುಕೊಳ್ಳುತ್ತಾ ಹಳೆಯದನ್ನು ತಿಂದುಹಾಕುತ್ತದೆ.

ಮೇನಿನ ಮೇಲೆ ಕೈ ಇಟ್ಟವನು ತೆಗೆದೆ. ಜಗಲಿಯ ಬಲ್ಬು ಹೊತ್ತಿಸಿ ಬೀಗ ಹಾಕಿದೆ.

"ಲೈಟ್ ಹಂಗೇ ಬಿಟ್ಟೀಯಲ್ಲಪ್ಪ?" ಎಂದಳು ಎದುರುಮನೆಯವಳು, ಕೋಳಿ ಹಿಡಿದುಕೊಂಡು.

"ಮನೆ ಮುಂದೆ ಕತ್ತಲಾಗೋದು ಬ್ಯಾಡ ಕಣಮ್ಮ. ಉರೀಲಿ."

"ಅದೂ ಸರಿ" ಎಂದಳು. ನನ್ನ ಮೇಲೆ ಒಳ್ಳೆಯ ಅಭಿಪ್ರಾಯವೇ ಬಂದಿರಬೇಕು.

ಹದಿಮೂರನೆಯ ದಿನ ತಡೆಯಲಾಗದೆ ಮತ್ತೆ ಹೋದೆ. ಟಿವಿ ಹಾಕಿ, ಫಿಟ್ಟರ್ ತೋರಿಸಿದ ಹಾಗೆ ಪಟ್ಟಿ ತೆಗೆದೆ. ಆ ಶನಿವಾರ ಇತ್ತು. ತಾರೀಕಿನ ಮುಂದೆ ನೀಲಿ ಗೆರೆ, ಬೆಳಗಿನಿಂದ ಸಂಜೆವರೆಗೆ ಎಲ್ಲೂ ಕಡಿಯದೆ. ಆ ಗೆರೆಯ ಒಳಗೆಲ್ಲೋ ಅಕ್ಕ ಇದ್ದಳು. ಒಂದು ಗುಂಡಿ ಒತ್ತಬೇಕಿತ್ತು. ಅವಳ ಕುರ್ಚಿಯ ಮೇಲೆ ಕೂತು ಬಹಳ ಹೊತ್ತು ಗೆರೆಯನ್ನೇ ನೋಡಿದೆ. ಸದ್ದು ಹೇಗೂ ಇರುವುದಿಲ್ಲ, ಬರೀ ಬಾಯಿ ಆಡುತ್ತದೆ, ನೋಡು, ಎಂದುಕೊಂಡೆ. ಒತ್ತಲಿಲ್ಲ. ಟಿವಿ ಆರಿಸಿ ಎದ್ದು ಬಂದೆ. ಮೇನ್ ಅವತ್ತೂ ಆರಿಸಲಿಲ್ಲ.

ಮತ್ತೆ ನಾಲ್ಕು ದಿನ ಬಿಟ್ಟು ಹೋದಾಗ ಪಟ್ಟಿಯಲ್ಲಿ ಆ ಶನಿವಾರ ಇರಲಿಲ್ಲ. ಹಗುರವಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಮೇನ್ ಆರಿಸಿ ಬಂದೆ.

ಯಲ್ಲದಕೆರೆಗೆ ಈಗ ಪ್ರತಿ ಭಾನುವಾರ ಹೋಗುತ್ತೇನೆ. ಹೊಳಲ್ಕೆರೆಯ ಒಂದು ಗಂಟೆಗೆ ಬೇಸರಪಟ್ಟವನು ಈಗ ಹಿರಿಯೂರಿನಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಕಾಯುತ್ತೇನೆ. ಅಕ್ಕನನ್ನು ಪಡಸಾಲೆಯಲ್ಲಿ ಕುರ್ಚಿ ಮೇಲೆ ಕೂರಿಸಿರುತ್ತಾರೆ. ಬಲಗೈ ತೊಡೆಯ ಮೇಲೆ ಯಾರೋ ಇಟ್ಟು ಮರೆತು ಹೋದ ಹಾಗೆ ಬಿದ್ದಿರುತ್ತದೆ. ನನ್ನನ್ನು ಗುರುತಿಸುತ್ತಾಳೆ.

ಎರಡು ತಿಂಗಳಾದ ಮೇಲೆ ಅವಳಿಗೆ ಒಂದು ಮಾತು ಬಂತು. ಒಂದೇ ಒಂದು. "ಬಾ."

ಊಟ ಕೊಟ್ಟರೂ ಬಾ, ನೀರು ಕೇಳಿದರೂ ಬಾ, ಕೂಸು ತೊಡೆ ಮೇಲೆ ಹತ್ತಿದರೂ ಬಾ. ಸ್ನಾನ ಮಾಡಿಸುವಾಗ ನೋವಾಗಿ ಅಳುತ್ತಲೂ ಅದನ್ನೇ ಅನ್ನುತ್ತಾಳೆ. ಒಬ್ಬೊಬ್ಬರಿಗೆ ಹೀಗೆ ಒಂದು ಮಾತು ಮಾತ್ರ ಉಳಿಯುವುದುಂಟು, ಅದಕ್ಕೆ ಅರ್ಥ ಇರಬೇಕಂತೇನೂ ಇಲ್ಲ ಎಂದು ಡಾಕ್ಟರು ಹೇಳಿದರು. ಮಗಳಿಗೆ ಅದರಲ್ಲೇ ಖುಷಿ. "ಎಲ್ಲಾರ್ನೂ ಕರೀತಾಳೆ ನೋಡು ಮಾಮ, ಬಾ ಬಾ ಅಂತ. ನಮ್ಮನೆಗೆ ಬರೋ ಕಾಗೆನೂ ಬಿಡಲ್ಲ" ಎಂದು ನಗುತ್ತಾಳೆ. ನಾನು ಕೈ ತೊಳೆಯುವ ನೆಪದಲ್ಲಿ ಹೊರಗೆ ಬರುತ್ತೇನೆ.

ಹೋದ ತಿಂಗಳು ಮಗಳು ಹೇಳಿದಳು, "ಮಾಮ, ಹೊಳಲ್ಕೆರೇಲಿರೋ ಆ ಪೆಟ್ಟಿಗೆ ಸುಮ್ನೆ ಕುಂತೈತಲ್ಲ. ತಂದು ಇಲ್ಲೇ ಹಾಕ್ಸು. ನಾನು ಹೊಲಕ್ಕೆ ಹೋದಾಗ ಮೊಬೈಲಲ್ಲಿ ನೋಡ್ಕಬೋದು. ಪ್ಲಾನ್ ಯಾವ್ದು ಅಂತ ನೀನೇ ನೋಡು, ನಿಂಗೆ ಗೊತ್ತೈತೆ."

ಹಿರಿಯೂರಿನ ನೆಟ್ಟಿನ ಅಂಗಡಿಗೆ ಹೋಗಿ ಪ್ಲಾಸ್ಟಿಕ್ ಹಾಳೆ ಕೇಳಿದೆ. ಕೆಳಗಿನ ಸಣ್ಣ ಅಕ್ಷರ ಓದಿ ಹೇಳಮ್ಮ ಎಂದು ಅಲ್ಲಿದ್ದ ಹೆಂಗಸನ್ನು ಕೇಳಿಕೊಂಡೆ. ಅವಳು ಬೇಸರವಿಲ್ಲದೆ ಪೂರ್ತಿ ಓದಿದಳು. ಡೇಟಾ ಮುಗಿದರೆ ಸ್ಪೀಡು ಇಷ್ಟಕ್ಕೆ ಇಳಿಯುತ್ತದೆ ಎಂಬ ಸಾಲು ಅದರಲ್ಲಿತ್ತು. ಅಷ್ಟೇ ಇದ್ದದ್ದು. ಓದಲು ಒಂದು ನಿಮಿಷವೂ ಹಿಡಿಯಲಿಲ್ಲ. ಮಿತಿ ಇಲ್ಲದ ದೊಡ್ಡ ಪ್ಲಾನು ಬರೆಸಿ ಬಂದೆ.

ಮುಂದಿನ ಭಾನುವಾರ ಕಪ್ಪು ಪೆಟ್ಟಿಗೆಯನ್ನು ಟವಲಿನಲ್ಲಿ ಸುತ್ತಿಕೊಂಡು ಯಲ್ಲದಕೆರೆಗೆ ಹೋದೆ. ಮಗಳು ಅಕ್ಕನಿಗೆ ಗಂಜಿ ಕುಡಿಸುತ್ತಿದ್ದಳು. ಟವಲು ಬಿಚ್ಚಿ ಪೆಟ್ಟಿಗೆಯನ್ನು ನೆಲದ ಮೇಲಿಟ್ಟೆ. ಅದರ ಮೇಲೆ ಕುಂಕುಮ ಇನ್ನೂ ಇತ್ತು. ಅಕ್ಕ ಅದನ್ನು ನೋಡಿದಳು. ಎಡಗೈ ಎತ್ತಿ, ತಡವರಿಸಿ, ಸೆರಗು ತಲೆ ಮೇಲೆ ಎಳೆದುಕೊಂಡಳು.

"ನೆನಪೈತೆ ನೋಡು!" ಎಂದಳು ಮಗಳು. "ಇದ್ರಲ್ಲಿ ಮಾತೂ ಕೇಳಿಸ್ತಿತ್ತಲ್ಲ ಮಾಮ? ಅಮ್ಮ ಮೂರೊತ್ತೂ ನಿನ್ ಜೊತೆ ಮಾತಾಡ್ತಿದ್ಲಲ್ಲ."

"ಇಲ್ಲ ಕಣವ್ವ" ಅಂದೆ. "ಕೇಳಿಸ್ತಿರ್ಲಿಲ್ಲ."

"ಮತ್ತೆ ಕೇಳಿಸುತ್ತೆ ಅಂತ ಅವಳು ಯಾಕೆ ಅಂದ್ಕಂಡಿದ್ಲು?"

"ಕೇಳಿಸ್ತು ಅಂತ ನಾನೇ ಹೇಳಿದ್ದೆ."

ಚಮಚ ಅವಳ ಕೈಯಲ್ಲೇ ನಿಂತಿತು. ಅಲ್ಲಿಂದ ನಾನು ನಿಲ್ಲಿಸಲಿಲ್ಲ. ಹನ್ನೊಂದು ಇಪ್ಪತ್ತರ ಗಂಟೆ ನೋಡಿದ್ದು, ನೋಡಿಯೂ ಮೊಬೈಲು ಮಗುಚಿದ್ದು, ನೆಟ್ಟಿಲ್ಲದಿದ್ದರೂ ಪೆಟ್ಟಿಗೆ ರೆಕಾರ್ಡ್ ಮಾಡುತ್ತದೆಂದು ಗೊತ್ತಿದ್ದದ್ದು, ನೀಲಿ ಗೆರೆ, ಜಗಲಿಯ ಬಲ್ಬು, ಎಲ್ಲವನ್ನೂ ನೆಲ ನೋಡಿಕೊಂಡು ಹೇಳಿದೆ. ಅಕ್ಕನೂ ಅಲ್ಲೇ ಕೇಳುತ್ತಾ ಕೂತಿದ್ದಳು. ಅವಳಿಗೆ ಎಷ್ಟು ತಿಳಿಯಿತೋ.

ಮಗಳು ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಗಂಜಿಯ ಬಟ್ಟಲು ಪಕ್ಕಕ್ಕಿಟ್ಟು, ಅಕ್ಕನ ಗಲ್ಲಕ್ಕೆ ಇಳಿದದ್ದನ್ನು ಒರೆಸಿದಳು. ನಿಧಾನಕ್ಕೆ, ಎರಡು ಸಲ ಒರೆಸಿದಳು.

"ಮೇನ್ ಆಫ್ ಮಾಡು ಅಂದಿದ್ದೆನಲ್ಲ ಮಾಮ" ಎಂದಳು.

ಅಷ್ಟೇ. ಬಟ್ಟಲು ತೆಗೆದುಕೊಂಡು ಒಳಗೆ ಹೋದಳು, ಮತ್ತೆ ಹೊರಗೆ ಬರಲಿಲ್ಲ.

ಆ ಪೆಟ್ಟಿಗೆಯನ್ನು ಅಲ್ಲಿ ಹಾಕಿಸಲಿಲ್ಲ. ಮತ್ತೆ ಟವಲಿನಲ್ಲಿ ಸುತ್ತಿ ಇಟ್ಟದ್ದು ಅಲ್ಲೇ ಅಟ್ಟದ ಮೇಲಿದೆ. ಭಾನುವಾರ ನಾನು ಹೋಗುವುದನ್ನು ಬಿಟ್ಟಿಲ್ಲ. ಮಗಳು ತಟ್ಟೆ ಹಾಕುತ್ತಾಳೆ, ಮಾತಾಡುವುದಿಲ್ಲ. ಉಂಡು, ಅಕ್ಕನ ಕಾಲು ಒತ್ತುತ್ತಾ ಒಂದಷ್ಟು ಹೊತ್ತು ಕೂರುತ್ತೇನೆ. ಬಸ್ಸಿನ ಹೊತ್ತಾಗುತ್ತದೆ. ಎದ್ದು ಬಾಗಿಲು ದಾಟುವಾಗ ಬೆನ್ನ ಹಿಂದಿನಿಂದ ಅಕ್ಕ, "ಬಾ" ಅನ್ನುತ್ತಾಳೆ. ವಾಪಸು ಹೋಗಿ ಮತ್ತೆ ಅವಳ ಪಕ್ಕ ಕೂರುತ್ತೇನೆ. ಮುಂದಿನ ಬಸ್ಸಿಗೆ ಏಳುತ್ತೇನೆ. ಆಗಲೂ ಅನ್ನುತ್ತಾಳೆ.